ಅಂಗೈಯಗಲದ ಸರ್ವರ್‌ಗೆ ಏನನ್ನು ಒಪ್ಪಿಸಬಹುದು?

ರಾಸ್ಪ್‌ಬೆರಿ ಪೈ 2012ರ ಫೆಬ್ರವರಿ 29ರಂದು ಮಾರುಕಟ್ಟೆಗೆ ಬಂದಾಗ ಅದರ ಗುರಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದಾಗಿತ್ತು. ಎಬೆನ್ ಅಪ್ಟನ್ ಮತ್ತು ಸಂಗಡಿಗರು 35 ಡಾಲರಿಗೆ ಕೊಟ್ಟ ಆ ಬೋರ್ಡಿನಲ್ಲಿ ಇದ್ದದ್ದು 256 ಎಂಬಿ ಮೆಮೊರಿ. ಅದನ್ನು ಹಗಲಿರುಳು ಓಡುವ ಹೋಮ್ ಸರ್ವರ್ ಮಾಡಿಕೊಂಡವರು ಬಳಕೆದಾರರೇ. 2021ರ ಜೂನ್‌ನಲ್ಲಿ ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗ ನಿಲ್ಲಿಸಿದ ಮೇಲೆ, ನಮ್ಮ ಫೋಟೋ ನಮ್ಮ ಮನೆಯಲ್ಲೇ ಇರಲಿ ಎಂಬ ವಾದಕ್ಕೆ ಇನ್ನಷ್ಟು ತೂಕ ಬಂತು.

ಈ ಅಭ್ಯಾಸದ ಪರವಾಗಿಯೇ ನಾನಿದ್ದೇನೆ. ಆದರೆ ಇದನ್ನು ಕಲಿಸಿಕೊಡುವವರ ಪಾಠ ಸಾಮಾನ್ಯವಾಗಿ ಇನ್‌ಸ್ಟಾಲ್ ಆಗುವಲ್ಲಿಗೆ ಮುಗಿಯುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದ ಮುಂದೆ. ಬೋರ್ಡು ನಾಳೆ ಸತ್ತರೆ ಏನೇನು ಹೋಗುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಅದಕ್ಕೆ ವಹಿಸುವ ಪ್ರತಿಯೊಂದು ಕೆಲಸವನ್ನೂ ಅಳೆಯಬೇಕು.

ಆ ಅಳತೆಯಲ್ಲಿ ಸಲೀಸಾಗಿ ಗೆಲ್ಲುವುದು ಪೈ-ಹೋಲ್. ಮನೆಯ ಫೋನು, ಟಿವಿಗಳೆಲ್ಲ ಕೇಳುವ ಡಿಎನ್‌ಎಸ್ ವಿಳಾಸಗಳಲ್ಲಿ ಜಾಹೀರಾತಿನವನ್ನು ಅದು ಅಲ್ಲೇ ತಡೆಯುತ್ತದೆ. ಹಳೆಯ ಬೋರ್ಡಿಗೂ ಇದು ಭಾರವಲ್ಲ, ಕೆಟ್ಟರೆ ರೂಟರ್‌ನ ಸೆಟ್ಟಿಂಗ್ ಹಿಂದಕ್ಕೆ ಬದಲಿಸಿದರೆ ಮುಗಿಯಿತು. ಫೈಲ್ ಹಂಚಿಕೆಯ ಸಾಂಬಾ ನಿಜವಾಗಿ ಉಪಯೋಗಕ್ಕೆ ಬಂದದ್ದು 2019ರ ಪೈ 4ರಿಂದ. ಅದಕ್ಕೂ ಹಿಂದಿನ 3ಬಿ ಪ್ಲಸ್‌ನಲ್ಲಿ ಈಥರ್ನೆಟ್ ಯುಎಸ್‌ಬಿ 2ರ ಮೂಲಕವೇ ಹಾಯುತ್ತಿದ್ದರಿಂದ ವೇಗ ಸುಮಾರು 300 ಎಂಬಿಪಿಎಸ್‌ಗೆ ನಿಲ್ಲುತ್ತಿತ್ತು. ಕರೆಂಟಿನ ಖರ್ಚೂ ಅಷ್ಟಿಲ್ಲ, ಬೋರ್ಡು ಸರಾಸರಿ 4 ವ್ಯಾಟ್ ಎಳೆದರೆ ತಿಂಗಳಿಗೆ ಮೂರು ಯೂನಿಟ್ಟೂ ಆಗದು.

ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಪೇಪರ್‌ಲೆಸ್-ಎನ್‌ಜಿಎಕ್ಸ್. ಸ್ಕ್ಯಾನ್ ಮಾಡಿದ ಕಾಗದಗಳನ್ನು ಓದಿ, ಹುಡುಕಲು ಬರುವಂತೆ ಜೋಡಿಸಿಡುವ ತಂತ್ರಾಂಶ ಇದು. ಇದರ ಒಳಗೆ ಅಕ್ಷರ ಗುರುತಿಸುವ ಟೆಸ್ಸರಾಕ್ಟ್‌ಗೆ ಕನ್ನಡವೂ ಬರುತ್ತದೆ. ಭಾಷೆಯ ಜಾಗದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಸೇರಿಸಿದರೆ ಪಹಣಿ, ಖಾತೆ, ಕಂದಾಯ ರಸೀದಿಗಳ ರಾಶಿಯಲ್ಲಿ ಊರಿನ ಹೆಸರನ್ನೋ ಸರ್ವೆ ನಂಬರನ್ನೋ ಹುಡುಕಬಹುದು. ಮಸುಕಾದ ಪ್ರತಿಗಳಲ್ಲಿ ಒತ್ತಕ್ಷರಗಳು ತಪ್ಪುತ್ತವೆ, ಪೈ ಮೇಲೆ ಓದುವಿಕೆಯೂ ನಿಧಾನ. ಆದರೂ ಕಪಾಟಿನ ಫೈಲುಗಳನ್ನೆಲ್ಲ ಹರಡಿಕೊಂಡು ಕೂರುವ ಕೆಲಸ ತಪ್ಪುತ್ತದೆ. ಮೂಲ ಕಾಗದ ಮನೆಯಲ್ಲೇ ಇರುವುದರಿಂದ ಬೋರ್ಡು ಕೈಕೊಟ್ಟರೂ ಸರ್ವನಾಶವಿಲ್ಲ.

ಫೋಟೋಗಳಿಗೆ ಈ ರಕ್ಷಣೆ ಇಲ್ಲ. ಅಲ್ಲಿಂದಲೇ ನನ್ನ ತಕರಾರು. ಪೈ ಸಾಮಾನ್ಯವಾಗಿ ಓಡುವ ಮೆಮೊರಿ ಕಾರ್ಡು ಸದಾ ಬರೆಯಿಸಿಕೊಳ್ಳುವ ಕೆಲಸಕ್ಕೆ ಆದದ್ದಲ್ಲ, ಬರೆಯುತ್ತಿರುವಾಗ ಕರೆಂಟು ಹೋದರೆ ಇಡೀ ಫೈಲ್ ಸಿಸ್ಟಮ್ಮೇ ಕೆಡಬಹುದು. ಡೇಟಾ ಎಸ್‌ಎಸ್‌ಡಿಯಲ್ಲೇ ಇರಬೇಕು. ಪೈ 5 ಪೂರ್ತಿ ಬಲದಲ್ಲಿ ಓಡಲು 5 ವೋಲ್ಟಿನಲ್ಲಿ 5 ಆಂಪಿಯರ್ ಕೇಳುತ್ತದೆ, ಸಿಕ್ಕಿದ ಫೋನ್ ಚಾರ್ಜರ್ ಸಾಲದು. ರೂಟರ್‌ಗೆಂದು ಮಾರುವ ಮಿನಿ ಯುಪಿಎಸ್‌ಗಳಲ್ಲಿ ಬಹಳಷ್ಟು 12 ವೋಲ್ಟಿನವು, ಅವನ್ನು ನೇರವಾಗಿ ಜೋಡಿಸುವಂತಿಲ್ಲ. ಇನ್‌ವರ್ಟರ್ ಇರುವ ಮನೆಯಲ್ಲಿ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿದರೆ ಕರೆಂಟು ಬದಲಾಗುವ ಕ್ಷಣದಲ್ಲಿ ಬೋರ್ಡು ರೀಸ್ಟಾರ್ಟ್ ಆಗುವ ಸಾಧ್ಯತೆ ಕಡಿಮೆ. ನಮ್ಮ ಊರುಗಳಲ್ಲಿ ಸರ್ವರ್ ಬದುಕುವುದು ಇಂಥ ವಿವರಗಳ ಮೇಲೆ.

ಹೊರಗಿನಿಂದ ಸರ್ವರ್ ತಲುಪುವುದು ಇನ್ನೊಂದು ತೊಡಕು. ಸಾರ್ವಜನಿಕ ಐಪಿ ವಿಳಾಸವೊಂದನ್ನು ಹಲವು ಮನೆಗಳಿಗೆ ಹಂಚುವ ಸಂಪರ್ಕಗಳಲ್ಲಿ ಪೋರ್ಟ್ ಫಾರ್ವರ್ಡ್ ಕೆಲಸವೇ ಮಾಡದು. ಮಾಡಿದರೂ ಸರ್ವರನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡುವುದು ಅಪಾಯ. 2022ರ ಏಪ್ರಿಲ್‌ವರೆಗೂ ಪೈ ಓಎಸ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಒಂದೇ ಬಳಕೆದಾರ ಹೆಸರು, ಒಂದೇ ಪಾಸ್‌ವರ್ಡ್ ಮೊದಲಿಂದಲೇ ಇರುತ್ತಿದ್ದವು. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಎರಡೂ ಕಷ್ಟಗಳನ್ನು ತಪ್ಪಿಸುತ್ತದೆ.

ಸಿನಿಮಾ ಸರ್ವರ್ ಆಗಬೇಕೆನ್ನುವವರಿಗೆ ಪೈ 5 ಸರಿಯಾದ ಆಯ್ಕೆಯಲ್ಲ. ಅದರಲ್ಲಿ ಹಾರ್ಡ್‌ವೇರ್ ವೀಡಿಯೊ ಎನ್‌ಕೋಡರ್ ಇಲ್ಲ, ಸಿನಿಮಾ ಸರ್ವರ್ ತಂತ್ರಾಂಶವಾದ ಜೆಲ್ಲಿಫಿನ್ ವೀಡಿಯೊ ಪರಿವರ್ತಿಸಲು ಹೊರಟರೆ ಏದುಸಿರು ಬಿಡುತ್ತದೆ. ಚಾರ್ಜರ್, ಫ್ಯಾನು, ಡಬ್ಬಿ, ಎಸ್‌ಎಸ್‌ಡಿ ಎಲ್ಲ ಸೇರಿಸಿ ಲೆಕ್ಕ ಹಾಕುವವರು ಇಂಟೆಲ್ ಎನ್100ರ ಮಿನಿ ಪಿಸಿಯ ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಪೈ ಬೇಡವೇ? ಖಂಡಿತ ಬೇಕು. ನಮ್ಮ ಮಾಹಿತಿ ಎಲ್ಲಿದೆ, ಹೇಗೆ ಉಳಿಯುತ್ತದೆ ಎಂಬುದನ್ನು ಕೈಯಾರೆ ತಿಳಿಯಲು ಇಷ್ಟು ಕಡಿಮೆ ಖರ್ಚಿನ ದಾರಿ ಅಪರೂಪ. ಆದರೆ ಮದುವೆಯ, ಮಕ್ಕಳ ಫೋಟೋಗಳನ್ನು ಅದಕ್ಕೆ ಒಪ್ಪಿಸುವ ಮುನ್ನ ಬೇರೊಂದು ಡಿಸ್ಕಿನಲ್ಲಿ ಒಂದು ಪ್ರತಿ, ಮನೆಯಾಚೆ ಇನ್ನೊಂದು ಪ್ರತಿ ಇರಬೇಕು. ಆ ಪ್ರತಿಯಿಂದ ಒಮ್ಮೆಯಾದರೂ ಫೈಲುಗಳನ್ನು ಹಿಂಪಡೆದು ನೋಡಿರಬೇಕು. ಪಾಸ್‌ವರ್ಡು ಮನೆಯ ಇನ್ನೊಬ್ಬರಿಗೂ ಗೊತ್ತಿರಬೇಕು. ಇಷ್ಟಕ್ಕೆ ಬಿಡುವಿಲ್ಲದವರು ಪೈ-ಹೋಲ್ ಒಂದನ್ನೇ ನಡೆಸಲಿ, ಫೋಟೋಗಳು ಸದ್ಯಕ್ಕೆ ಕ್ಲೌಡಿನಲ್ಲೇ ಇರಲಿ.