ಒಂದು ಲಕೋಟೆಯ ವಿಮರ್ಶೆ

ಲಕೋಟೆಯೂ ಕಲಾವಿಮರ್ಶೆಗೆ ವಸ್ತುವಾಗಬಲ್ಲುದೆ ಎಂದು ವಾಚಕರು ಹುಬ್ಬೇರಿಸಬಹುದು. 1840ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಆದದ್ದು ಅದೇ. ಒಂದು ಲಕೋಟೆಯನ್ನು ಕುರಿತು ಊರಿಗೆ ಊರೇ ವಿಮರ್ಶಕನಾಯಿತು. ತೀರ್ಪು ಹೊರಬೀಳಲು ವಾರವೂ ಹಿಡಿಯಲಿಲ್ಲ.

ಅದಕ್ಕೆ ಮುಂಚೆ ಅಲ್ಲಿ ಲಕೋಟೆ ಜನಸಾಮಾನ್ಯರ ಪದಾರ್ಥವಾಗಿರಲಿಲ್ಲ. ಅಂಚೆಯ ದರ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ನೋಡಿ ಏರುತ್ತಿತ್ತು. ಪತ್ರಕ್ಕೆ ಹೊದಿಕೆ ಹಾಕಿದರೆ ಅದೂ ಒಂದು ಹಾಳೆಯಾಗಿ ಲೆಕ್ಕಕ್ಕೆ ಬರುತ್ತಿತ್ತು. ಆದ್ದರಿಂದ ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆಯೊತ್ತಿ, ಬೆನ್ನಮೇಲೆ ವಿಳಾಸ ಗೀಚಿ ಕಳುಹಿಸುವುದೇ ವಾಡಿಕೆ. ಈ ಕಟ್ಟಲೆಯನ್ನು ಮುರಿದವನು ರೋಲೆಂಡ್ ಹಿಲ್. ಅರ್ಧ ಔನ್ಸಿನ ಪತ್ರ ದೇಶದೊಳಗೆ ಎಲ್ಲಿಗೆ ಹೋದರೂ ಒಂದೇ ಪೆನ್ನಿ. ಅದನ್ನು ಕಳುಹಿಸುವವನೇ ಮುಂಗಡವಾಗಿ ಕೊಡಬೇಕು. ಹಣ ಸಂದದ್ದಕ್ಕೆ ಗುರುತು ಬೇಕಲ್ಲ? ಅದಕ್ಕಾಗಿ ಎರಡು ಬಗೆ ಮಾಡಿದರು: 'ಪೆನ್ನಿ ಬ್ಲ್ಯಾಕ್' ಎಂದು ಪ್ರಸಿದ್ಧವಾದ ಅಂಚೆಚೀಟಿ ಒಂದು, ಚಿತ್ರ ಅಚ್ಚಾದ ಲಕೋಟೆ ಇನ್ನೊಂದು. ಹಿಲ್ ಮಹಾಶಯನ ಭರವಸೆಯೆಲ್ಲ ಲಕೋಟೆಯ ಮೇಲೆಯೇ.

ಚಿತ್ರ ಬರೆದವನು ಸಾಮಾನ್ಯನಲ್ಲ. ರಾಯಲ್ ಅಕಾಡೆಮಿಯ ಸದಸ್ಯ ವಿಲಿಯಂ ಮುಲ್ರೆಡಿ. ಮೇಲೆ ನಡುವೆ ಬ್ರಿಟಾನಿಯಾ ದೇವಿ, ಕಾಲ ಬಳಿ ಸಿಂಹ. ಅವಳು ಕೈಚಾಚಿ ದಿಕ್ಕುದಿಕ್ಕಿಗೆ ರೆಕ್ಕೆಯ ದೂತರನ್ನು ಅಟ್ಟುತ್ತಿದ್ದಾಳೆ. ಒಂದು ಕಡೆ ಆನೆ, ಒಂಟೆ, ಚೀನೀಯರು. ಇನ್ನೊಂದು ಕಡೆ ಅಮೆರಿಕದ ಮೂಲನಿವಾಸಿಗಳು. ಕೆಳಗಿನ ಎರಡು ಮೂಲೆಗಳಲ್ಲಿ ಪತ್ರ ಓದುತ್ತ, ಕೇಳುತ್ತ ಇರುವ ಮನೆಮಂದಿ. ನಿಜವಾಗಿ ಜೀವವಿರುವುದು ಈ ಎರಡು ಮೂಲೆಗಳಲ್ಲಿಯೇ. ಉಳಿದದ್ದು ಅರಮನೆಯ ಮೇಲುಛಾವಣಿಗೆ ತಕ್ಕ ವೈಭವ.

ಜನ ನಕ್ಕರು. ದೂತರಲ್ಲೊಬ್ಬನಿಗೆ ಒಂದೇ ಕಾಲು ಕಾಣುತ್ತದೆಂದು ಎಣಿಸಿ ತೋರಿಸಿದರು. ಅಣಕದ ಲಕೋಟೆಗಳು ಅಂಗಡಿಗೆ ಬಂದುವು. ಜಾನ್ ಲೀಚ್ ಎಂಬ ವ್ಯಂಗ್ಯಚಿತ್ರಕಾರನೂ ಒಂದನ್ನು ಬರೆದು, ತನ್ನ ಹೆಸರಿಗೆ ತಕ್ಕಂತೆ ಸೀಸೆಯೊಳಗಿನ ಜಿಗಣೆಯನ್ನೇ ಸಹಿಯಾಗಿ ಹಾಕಿದನು! ಮೇ 6ರಂದು ಬಳಕೆಗೆ ಬಂದ ಲಕೋಟೆಯನ್ನು ಹಿಂದೆಗೆಯಬೇಕಾದೀತೆಂದು ಹಿಲ್ 12ರಂದೇ ದಿನಚರಿಯಲ್ಲಿ ಬರೆದುಕೊಂಡನು. ಸೌಂದರ್ಯಕ್ಕೆ ಜನ ಬೆಲೆ ಕೊಡಲಿಲ್ಲವೆಂಬುದು ಅವನ ಅಳಲು.

ಈ ಅಳಲನ್ನು ನಾವು ಒಪ್ಪಬೇಕಾಗಿಲ್ಲ. ನಗೆಯೆಲ್ಲ ಶುದ್ಧ ರಸಿಕತೆಯದಲ್ಲ, ನಿಜ. ಸರ್ಕಾರವೇ ಲಕೋಟೆ ಮಾರತೊಡಗಿದರೆ ತಮ್ಮ ಗತಿಯೇನೆಂದು ಕಾಗದದ ವ್ಯಾಪಾರಿಗಳು ಬೆದರಿದ್ದರು. ಆದರೆ ವ್ಯಾಪಾರಿಯ ಹೊಟ್ಟೆಕಿಚ್ಚು ಇಷ್ಟು ಜನರನ್ನು ನಗಿಸಲಾರದು. ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದನಷ್ಟೆ. ಇಲ್ಲಿ ತಪ್ಪಿದ್ದು ಅದು. ಮಗ ಸತ್ತ ಸುದ್ದಿಯನ್ನು ತರುವ ಲಕೋಟೆಯ ಮೇಲೂ ಅದೇ ಸಂಭ್ರಮ, ಸಾಲಗಾರನ ತಗಾದೆಯ ಮೇಲೂ ಅದೇ ಸಿಂಹ. ಬರೆದವನ ಭಾವ ಏನೇ ಇರಲಿ, ಮೊದಲು ಮಾತಾಡುವವಳು ಬ್ರಿಟಾನಿಯಾ. ಅದೇ ಇಂಗ್ಲಿಷರು ಸೂತಕದ ಪತ್ರಕ್ಕೆ ಕಪ್ಪು ಅಂಚಿನ ಲಕೋಟೆಯನ್ನು ಬಳಸಿದರು. ನಮ್ಮಲ್ಲಿಯೂ ಮದುವೆಯ ಕಾಗದದ ಮೂಲೆಗೆ ಅರಿಸಿನ ಹಚ್ಚುವುದುಂಟು. ಸಾವಿನ ಕಾಗದವಾದರೆ ಮೂಲೆ ಹರಿದು ಕಳುಹಿಸುತ್ತಿದ್ದರು. ಓದುಬಾರದ ಮುದುಕಿಗೂ ಅಂಚೆಯವನ ಕೈಯಲ್ಲಿದ್ದಾಗಲೇ ಅರ್ಥವಾಗುತ್ತಿತ್ತು. ಲಕೋಟೆಯ ಮುಖ ಖಾಲಿಯಿದ್ದರಲ್ಲವೆ ಇಷ್ಟು ಮಾತಿಗೆ ಎಡೆ?

ಉಳಿದ ರಾಶಿಯನ್ನು ಸುಡಲು ಹೋಗಿ ಆಗದೆ, ಕೊನೆಗೆ ನಾಶಮಾಡಲು ಯಂತ್ರವನ್ನೇ ಹೂಡಿದರಂತೆ. 1841ರಲ್ಲಿ ರಾಣಿಯ ಮುಖದ ಉಬ್ಬಚ್ಚು ಮಾತ್ರ ಇರುವ ಲಕೋಟೆ ಬಂದಿತು, ಯಾರೂ ನಗಲಿಲ್ಲ.

ಇನ್ನು ಆ ಚಿತ್ರದ ಆನೆ. ಅದರ ನಾಡಿನಲ್ಲಿ ಆಗ ಅಂಚೆಚೀಟಿಯೇ ಇರಲಿಲ್ಲ; ದೂರ ನೋಡಿ ದರ ಕಟ್ಟುವ ಪದ್ಧತಿ ಹೋಗಿ, ಕಾಲು ತೊಲದ ಪತ್ರಕ್ಕೆ ಎಲ್ಲಿಗಾದರೂ ಅರ್ಧಾಣೆ ಎಂದಾದದ್ದು 1854ರಲ್ಲಿ. ಎರಡು ವರ್ಷದ ಮೇಲೆ ಇಲ್ಲಿಗೂ ಅಂಚೆಯ ಲಕೋಟೆ ಬಂದಿತು. ಅದರ ಮೇಲೆ ಆನೆ ಇರಲಿಲ್ಲ.