ನಾಲ್ಕನೆಯವನಿಲ್ಲದ ಹಾಡು: ಆರ್.ಇ.ಎಂ. ಬ್ಯಾಂಡಿನ 'ಅಪ್'

ಸತ್ತವರಿಗೆ ಸೂತಕವಿದೆ, ಹನ್ನೊಂದನೆಯ ದಿನವಿದೆ, ವರ್ಷಕ್ಕೊಮ್ಮೆ ತಿಥಿಯಿದೆ. ಬದುಕಿರುವಾಗಲೇ, ಯಾರ ಮೇಲೂ ಮುನಿಸಿಲ್ಲದೆ, 'ಸರಿ, ಬರ್ತೀನಿ' ಎಂದು ಎದ್ದು ಹೋದವರಿಗೆ ಏನಿದೆ? ಎರಡು ವರ್ಷಗಳ ಹಿಂದೆ ನಮ್ಮ ರಿಸರ್ಚ್ ಸ್ಕಾಲರ್‌ಗಳ ಕೋಣೆಯಿಂದ ಗೆಳೆಯನೊಬ್ಬ ಹೀಗೆ ಹೊರಟ. ಪಿಎಚ್.ಡಿ.ಯ ನಾಲ್ಕನೆಯ ವರ್ಷ ಅದು. ಫೆಲೋಶಿಪ್ ಮುಗಿಯುತ್ತ ಬಂದಿತ್ತು, ಮನೆಯಲ್ಲಿ ಸಾಲವಿತ್ತು, ಬೆಂಗಳೂರಿನ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತ್ತು. ಅವನಿಗೆ ಒಳ್ಳೆಯದೇ ಆಯಿತು. ಹಾಗಾಗಿ ನಾವು ಉಳಿದ ಮೂವರು ದುಃಖಪಡುವ ಹಾಗೂ ಇರಲಿಲ್ಲ. ಅವನ ಕುರ್ಚಿಯ ಮೇಲೆ ಮೊದಲು ಬ್ಯಾಗುಗಳನ್ನಿಟ್ಟೆವು, ಆಮೇಲೆ ಜೆರಾಕ್ಸ್ ಕಟ್ಟುಗಳನ್ನು.

ಆ ದಿನಗಳಲ್ಲಿ ನಾನು ಪದೇ ಪದೇ ಕೇಳಿದ್ದು ಆರ್.ಇ.ಎಂ. ಎಂಬ ಅಮೆರಿಕನ್ ರಾಕ್ ಬ್ಯಾಂಡಿನ 'ಅಪ್' ಎಂಬ ಆಲ್ಬಂ. 1998ರ ಅಕ್ಟೋಬರಿನಲ್ಲಿ ಅದು ಬಂದಾಗ ನನಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಬ್ಯಾಂಡಿನ ಅಭಿಮಾನಿಗಳಲ್ಲೂ ಹಲವರು ಅದನ್ನು ಇಳಿಗಾಲದ ಮೊದಲ ಮೆಟ್ಟಿಲೆಂದೇ ಎಣಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜೊತೆಯವನೊಬ್ಬ ಎದ್ದು ಹೋದ ಮೇಲೆ ಉಳಿದವರು ಹೇಗೆ ಕೆಲಸ ಮುಂದುವರಿಸುತ್ತಾರೆ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಕೇಳಿಸಿದ ರಾಕ್ ಆಲ್ಬಂ ನನಗಂತೂ ಇನ್ನೊಂದು ಸಿಕ್ಕಿಲ್ಲ.

ಬ್ಯಾಂಡಿನ ಕಥೆ ಗೊತ್ತಿಲ್ಲದವರಿಗಾಗಿ ಕೊಂಚ ಹಿಂದಕ್ಕೆ ಹೋಗಬೇಕು. ಜಾರ್ಜಿಯಾ ರಾಜ್ಯದಲ್ಲಿ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿದೆ. 1980ರ ಏಪ್ರಿಲ್ 5ರಂದು ಅಲ್ಲಿನ ಪಾಳುಬಿದ್ದ ಚರ್ಚೊಂದರಲ್ಲಿ ನಡೆದ ಹುಟ್ಟುಹಬ್ಬದ ಪಾರ್ಟಿಯಲ್ಲಿ ಈ ನಾಲ್ವರು ಮೊದಲ ಬಾರಿಗೆ ನುಡಿಸಿದರು. ಹಾಡುಗಾರ ಮೈಕೆಲ್ ಸ್ಟೈಪ್, ಗಿಟಾರಿನಲ್ಲಿ ಪೀಟರ್ ಬಕ್, ಬೇಸ್ ಗಿಟಾರಿನಲ್ಲಿ ಮೈಕ್ ಮಿಲ್ಸ್, ಡ್ರಮ್ಸ್‌ನಲ್ಲಿ ಬಿಲ್ ಬೆರ್ರಿ. ಸಣ್ಣ ಊರುಗಳ ಕ್ಲಬ್ಬುಗಳಲ್ಲಿ, ಕಾಲೇಜು ರೇಡಿಯೋಗಳಲ್ಲಿ ಬೆಳೆದ ಇವರು ಹತ್ತು ವರ್ಷಗಳಲ್ಲಿ ಜಗತ್ತಿನ ದೊಡ್ಡ ಬ್ಯಾಂಡುಗಳಲ್ಲೊಂದಾದರು. 1991ರ 'ಲೂಸಿಂಗ್ ಮೈ ರಿಲಿಜನ್' ಹಾಡನ್ನು ನಮ್ಮಲ್ಲೂ ಕೇಳದವರು ಕಡಿಮೆ. ಇಷ್ಟೆಲ್ಲ ಆದರೂ ಅವರು ಒಂದು ನೇಮ ಬಿಡಲಿಲ್ಲ. ಯಾರು ಎಷ್ಟೇ ಬರೆದಿರಲಿ, ಪ್ರತಿ ಹಾಡಿನ ಕೆಳಗೂ ನಾಲ್ವರ ಹೆಸರು.

ಈ ನೇಮದ ಅರ್ಥ ನಮಗೆ ತಟ್ಟನೆ ಹೊಳೆಯಲಾರದು. ನಮ್ಮ ಸಂಗೀತ ಕಛೇರಿಗಳಲ್ಲಿ ಮೃದಂಗ ಪಕ್ಕವಾದ್ಯ. ಇವತ್ತು ಒಬ್ಬರು ಕೂತರೆ ನಾಳೆ ಇನ್ನೊಬ್ಬರು ಕೂರಬಹುದು. ಆರ್.ಇ.ಎಂ.ನಲ್ಲಿ ಬೆರ್ರಿ ಹಾಗಿರಲಿಲ್ಲ. ಅವನು ಹಾಡು ಕಟ್ಟುತ್ತಿದ್ದ, ಹಿನ್ನೆಲೆಯಲ್ಲಿ ದನಿಗೂಡಿಸುತ್ತಿದ್ದ. 1992ರ 'ಆಟೋಮ್ಯಾಟಿಕ್ ಫಾರ್ ದಿ ಪೀಪಲ್' ಆಲ್ಬಮ್ಮಿನಲ್ಲಿರುವ 'ಎವೆರಿಬಡಿ ಹರ್ಟ್ಸ್' ಹಾಡು ಬಹುಪಾಲು ಅವನದೇ.

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗಲೇ ಬೆರ್ರಿಯ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಶಸ್ತ್ರಚಿಕಿತ್ಸೆಯಾಗಿ ಬದುಕಿ ಉಳಿದ. ಕೆಲವೇ ತಿಂಗಳಲ್ಲಿ ಪ್ರವಾಸ ಮತ್ತೆ ಶುರುವಾಯಿತು, ಮರುವರ್ಷ ಇನ್ನೊಂದು ಆಲ್ಬಮ್ಮೂ ಬಂತು, ವಾರ್ನರ್ ಕಂಪನಿಯ ಜೊತೆ 8 ಕೋಟಿ ಡಾಲರಿನದೆಂದು ಸುದ್ದಿಯಾದ ಒಪ್ಪಂದವೂ ಆಯಿತು. 1997ರ ಅಕ್ಟೋಬರಿನಲ್ಲಿ, ಹೊಸ ಆಲ್ಬಮ್ಮಿಗೆ ಎಲ್ಲರೂ ಕೂಡಿದಾಗ, ಬೆರ್ರಿ ತನಗೆ ಸಾಕೆಂದ. ತಾನು ಹೋದರೆ ಬ್ಯಾಂಡೇ ಒಡೆಯುವುದಾದರೆ ಹೋಗುವುದಿಲ್ಲ ಎಂದೂ ಹೇಳಿದ. ಉಳಿದ ಮೂವರು ಮುಂದುವರಿಯುವುದಾಗಿ ಮಾತು ಕೊಟ್ಟರು. ಅವನು ಅಥೆನ್ಸ್ ಬಳಿಯ ತನ್ನ ಹೊಲಕ್ಕೆ, ಹುಲ್ಲಿನ ಬೇಸಾಯಕ್ಕೆ ಮರಳಿದ.

ಆಸ್ಟ್ರೇಲಿಯಾದ ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬಾನ್ ಸ್ಕಾಟ್ 1980ರ ಫೆಬ್ರುವರಿಯಲ್ಲಿ ತೀರಿಕೊಂಡ. ಕೆಲವೇ ತಿಂಗಳಲ್ಲಿ ಹೊಸ ಹಾಡುಗಾರನೊಂದಿಗೆ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಅದರ ಹೊದಿಕೆ ಕಪ್ಪು, ಮೊದಲ ಹಾಡಿನ ಮೊದಲ ಸದ್ದು ಗಂಟೆಯದು. ಸಾವಿಗೆ ಒಂದು ಭಾಷೆ ಸಿದ್ಧವಿತ್ತು. ಆ ಬ್ಯಾಂಡು ಅದನ್ನು ಬಳಸಿ, ಅತ್ತು, ಖಾಲಿ ಜಾಗ ತುಂಬಿಸಿ ಎದ್ದು ನಿಂತಿತು. ಆರ್.ಇ.ಎಂ.ಗೆ ಬಾರಿಸಲು ಅಂಥ ಗಂಟೆಯಿರಲಿಲ್ಲ. ಹೋದವನು ಅದೇ ಊರಿನ ಹೊರಗೆ ಆರಾಮವಾಗಿ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ.

'ಅಪ್' ಮೊದಲಾಗುವುದೇ ಈ ಗೊಂದಲದಲ್ಲಿ. 'ಏರ್‌ಪೋರ್ಟ್‌ಮ್ಯಾನ್' ಎಂಬ ಮೊದಲ ಹಾಡಿನಲ್ಲಿ ಡ್ರಮ್ಮರ್ ಇಲ್ಲ. ಯಂತ್ರವೊಂದು ಸಣ್ಣಗೆ ಟಕಟಕ ಎನ್ನುತ್ತಿರುತ್ತದೆ, ಕೀಬೋರ್ಡು ಮಂಜಿನಂತೆ ಹರಡಿಕೊಳ್ಳುತ್ತದೆ, ಸ್ಟೈಪ್ ತನಗೆ ತಾನೇ ಗೊಣಗಿಕೊಳ್ಳುತ್ತಾನೆ. ದೊಡ್ಡ ಬ್ಯಾಂಡೊಂದು ತನ್ನ ಆಲ್ಬಮ್ಮಿನ ಬಾಗಿಲು ತೆರೆಯುವ ರೀತಿ ಇದಲ್ಲ. ಕೇಳುಗ ಬಂದು ಕೂತಿದ್ದಾನೆ, ಮನೆಯವರು ಇನ್ನೂ ಒಳಗೆ ಪಿಸುಗುಟ್ಟುತ್ತಿದ್ದಾರೆ.

ತೊಂಬತ್ತರ ದಶಕದ ಕೊನೆಯಲ್ಲಿ ಎಲ್ಲರೂ ಯಂತ್ರಗಳ ಹಿಂದೆ ಬಿದ್ದಿದ್ದರು, ಇವರೂ ಗಾಳಿ ಬಂದ ಕಡೆ ತೂರಿಕೊಂಡರು ಎಂಬ ಆಕ್ಷೇಪವಿದೆ. 1997ರಲ್ಲಿ ಯು2 ಬ್ಯಾಂಡಿನ 'ಪಾಪ್' ಬಂದಿತ್ತು, ನಿಜ. ಆದರೆ ಅಲ್ಲಿ ಯಂತ್ರ ಬಂದದ್ದು ಕುಣಿಸಲು. 'ಅಪ್'ನ ಯಂತ್ರಕ್ಕೆ ಯಾರೂ ಕುಣಿಯಲಾರರು. ಅದು ನಿದ್ದೆ ಬಾರದ ರಾತ್ರಿ ಗೋಡೆ ಗಡಿಯಾರ ಕೇಳಿಸುವ ಹಾಗೆ ಕೇಳಿಸುತ್ತದೆ.

ನನ್ನ ಈ ವಾದಕ್ಕೆ ಅಡ್ಡ ಬರುವ ಸಂಗತಿಯೊಂದನ್ನು ನಾನೇ ಹೇಳಬೇಕು. ಬೆರ್ರಿಯದೆಂದೆನಲ್ಲ, ಆ 'ಎವೆರಿಬಡಿ ಹರ್ಟ್ಸ್' ಹಾಡಿನಲ್ಲೂ ಲಯ ಹಿಡಿದಿರುವುದು ಡ್ರಮ್ ಯಂತ್ರವೇ. ಹಾಗಾದರೆ ಯಂತ್ರ ಕೇಳಿಸಿದಲ್ಲೆಲ್ಲ ಗೈರುಹಾಜರಿಯನ್ನು ಕೇಳುವುದು ನಮ್ಮ ಕಲ್ಪನೆಯೇ? ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಅಲ್ಲಿ ಯಂತ್ರ ಡ್ರಮ್ಮರನೊಬ್ಬನ ಆಯ್ಕೆ; ಹಾಡು ಸರಳವಾಗಿರಲೆಂದು ಅವನು ತನ್ನ ಕೈ ಹಿಂದಕ್ಕೆಳೆದುಕೊಂಡಿದ್ದಾನೆ. ಇಲ್ಲಿ ಹಿಂದಕ್ಕೆಳೆದುಕೊಳ್ಳಲು ಕೈಯೇ ಇಲ್ಲ. ಅಲ್ಲಿ ಹಾಡು ಯಂತ್ರವನ್ನು ಮರೆಸುತ್ತದೆ, ಇಲ್ಲಿ ಯಂತ್ರ ಹಾಡಿನ ಪಕ್ಕದಲ್ಲಿ ಹೊಸ ಬಾಡಿಗೆದಾರನಂತೆ ಸಂಕೋಚದಿಂದ ನಿಂತಿರುತ್ತದೆ.

ಆಲ್ಬಮ್ಮಿನುದ್ದಕ್ಕೂ ಯಂತ್ರವೇ ಇದೆ ಎಂದಲ್ಲ. ಜೋಯಿ ವಾರೊಂಕರ್, ಬ್ಯಾರೆಟ್ ಮಾರ್ಟಿನ್ ಮುಂತಾದವರು ಬಂದು ನುಡಿಸಿದ್ದಾರೆ. 'ಲೋಟಸ್'ನಂಥ ಹಾಡಿನಲ್ಲಿ ಹಳೆಯ ಹುರುಪೂ ಇದೆ. ಆದರೆ ಬಂದವರು ಅತಿಥಿಗಳು. ಹಾಡುಗಳ ಕೆಳಗೆ ಈಗ ಮೂರೇ ಹೆಸರು. ಇನ್ನೊಂದು ಬದಲಾವಣೆಯೂ ಗಮನಿಸುವಂಥದ್ದು. ಸ್ಟೈಪ್ ಹಾಡಿದ್ದು ಸ್ಪಷ್ಟವಾಗಿ ಕೇಳಿಸುವುದಿಲ್ಲವೆಂಬುದು ಆ ಬ್ಯಾಂಡಿನ ಆರಂಭದ ದಿನಗಳಿಂದಲೂ ಇದ್ದ ತಮಾಷೆ. 'ಅಪ್'ನಲ್ಲಿ ಮೊದಲ ಸಲ ಎಲ್ಲ ಹಾಡುಗಳ ಸಾಹಿತ್ಯವನ್ನೂ ಅಚ್ಚು ಹಾಕಿದರು. ನಾಲ್ವರಿದ್ದಾಗ ಮಾತು ಮಸುಕಾದರೂ ನಡೆಯುತ್ತಿತ್ತು, ವಾದ್ಯಗಳು ಉಳಿದದ್ದನ್ನು ಹೇಳುತ್ತಿದ್ದವು. ಒಬ್ಬ ಕಡಿಮೆಯಾದಾಗ ಮಾತು ಬಿಡಿಸಿ ಹೇಳಬೇಕಾಯಿತೇನೋ ಎಂದು ನನಗನ್ನಿಸುತ್ತದೆ.

ಆ ಮಾತುಗಳಲ್ಲಿ ಬೆರ್ರಿ ಇಲ್ಲ. ಇರುವವರೆಲ್ಲ ದಾರಿ ತಪ್ಪಿದ ಒಂಟಿ ಜನ. 'ಹೋಪ್' ಹಾಡಿನಲ್ಲಿ ಆಸ್ಪತ್ರೆಯ ಹೊಸ್ತಿಲಲ್ಲಿ ದೇವರು ಮತ್ತು ವಿಜ್ಞಾನದ ನಡುವೆ ಹೊಯ್ದಾಡುವ ಒಬ್ಬರಿದ್ದಾರೆ. ಆ ಹಾಡು ಲೆನರ್ಡ್ ಕೊಹೆನ್‌ನ 'ಸುಜಾನ್' ಹಾಡನ್ನು ಹೋಲುತ್ತದೆಂದು ತಮಗೇ ಅನ್ನಿಸಿದಾಗ ಬ್ಯಾಂಡಿನವರು ಅವನ ಹೆಸರನ್ನೂ ರಚನಕಾರರ ಸಾಲಿಗೆ ಸೇರಿಸಿದರು. 'ಸ್ಯಾಡ್ ಪ್ರೊಫೆಸರ್'ನಲ್ಲಿ ಕುಡಿದು ತನ್ನ ಮೇಲೇ ಹೇಸಿಕೊಳ್ಳುವ ಮೇಷ್ಟ್ರಿದ್ದಾನೆ, ಪಿಎಚ್.ಡಿ. ಮಾಡುವವರು ಅದನ್ನು ರಾತ್ರಿ ಹೊತ್ತು ಕೇಳದಿರುವುದು ಒಳ್ಳೆಯದು. 'ಡೇಸ್ಲೀಪರ್'ನಲ್ಲಿ ರಾತ್ರಿ ದುಡಿದು ಹಗಲು ಮಲಗುವ ಕೆಲಸಗಾರನಿದ್ದಾನೆ. ದೂರದ ದೇಶಗಳ ಗಂಟೆಗಳಿಗೆ ತನ್ನ ದೇಹವನ್ನು ಒಗ್ಗಿಸಿಕೊಂಡವನ ದಣಿವು ಅದು. ನಮ್ಮ ಕೋಣೆಯಿಂದ ಹೊರಟವನಿಗೆ ನಾನು ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ, ಅವನ ನಿದ್ದೆ ಕೆಡಿಸಿ, 'ಅಯ್ಯೋ, ಮರೆತೇಬಿಟ್ಟೆ, ಮಲಕ್ಕೋ ಮಾರಾಯ' ಎಂದು ಇಟ್ಟ ದಿನಗಳಿವೆ. ಅಮೆರಿಕದ ಹಗಲು ಬೆಂಗಳೂರಿನ ರಾತ್ರಿಯಾಗಿ ಎಷ್ಟೋ ಮನೆಗಳೊಳಗೆ ಬಂದು ಕೂತಿರುವಾಗ ಈ ಹಾಡು ನಮಗೆ ಪರದೇಶದ್ದಾಗಿ ಕೇಳಿಸುವುದಿಲ್ಲ.

ಆಲ್ಬಮ್ಮಿಗೆ ದೋಷಗಳಿವೆ. ಹದಿನಾಲ್ಕು ಹಾಡು, ಒಂದು ಗಂಟೆಗೂ ಮೀರಿದ ಹೊತ್ತು. ಉದ್ದವೇ ತಪ್ಪೆನ್ನಲಾಗದು, ಬೆರ್ರಿ ಇದ್ದಾಗಿನ ಕೊನೆಯ ಆಲ್ಬಂ 'ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ' ಕೂಡ ಹೆಚ್ಚುಕಡಿಮೆ ಇಷ್ಟೇ ಉದ್ದ. ಅಲ್ಲಿ ಒಂದು ಹಾಡು ಮುಂದಿನದಕ್ಕೆ ನೂಕುತ್ತದೆ, ಇಲ್ಲಿ 'ಡಿಮಿನಿಶ್ಡ್', 'ಪ್ಯಾರಕೀಟ್' ಹೊತ್ತಿಗೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ ಕೇಳುಗನ ಕಿವಿ ಸೋಲುತ್ತದೆ. ಸಾಕೆಂದು ಹೇಳುವ ಒಬ್ಬರು ಕೋಣೆಯಲ್ಲಿ ಇರಬೇಕಿತ್ತು. ತಯಾರಿಯ ದಿನಗಳಲ್ಲಿ ಬ್ಯಾಂಡು ಒಡೆಯುವ ಹಂತಕ್ಕೆ ಬಂದಿತ್ತೆಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆ ಹಗ್ಗಜಗ್ಗಾಟದ ಗುರುತು ಹಾಡುಗಳ ಮೇಲೂ ಉಳಿದಿದೆ.

ಆದರೂ 2004ರ 'ಅರೌಂಡ್ ದಿ ಸನ್' ಪಕ್ಕದಲ್ಲಿಟ್ಟಾಗ 'ಅಪ್'ನ ಬೆಲೆ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಮೂವರಾಗಿರುವುದು ಅಭ್ಯಾಸವಾಗಿತ್ತು. ಸದ್ದು ನುಣುಪಾಗಿದೆ, ಎಲ್ಲೂ ಬಿರುಕಿಲ್ಲ, ಹಾಗಾಗಿ ಒಳಗೆ ಇಣುಕಲು ಸಂದಿಯೂ ಇಲ್ಲ. 'ಅಪ್'ನ ಒಳ್ಳೆಯ ಹಾಡುಗಳು ಬಿರುಕಿನಿಂದಲೇ ಬಂದವು. 'ಅಟ್ ಮೈ ಮೋಸ್ಟ್ ಬ್ಯೂಟಿಫುಲ್' ಪಿಯಾನೋ ಮತ್ತು ದನಿಗಳ ಮೇಲೆ ನಿಂತ ಪ್ರೇಮಗೀತೆ. ಬೀಚ್ ಬಾಯ್ಸ್ ಶೈಲಿಗೆ ಸಲ್ಲಿಸಿದ ಗೌರವವೆಂದು ಅದನ್ನು ಹೊಗಳುತ್ತಾರೆ. ಡ್ರಮ್ಮರ್ ಇಲ್ಲದ ಬ್ಯಾಂಡು ಬೇರೆ ಯಾವುದರಿಂದ ಮನೆ ಕಟ್ಟಬಹುದೆಂದು ಹುಡುಕಿ, ಒಮ್ಮೆಯಾದರೂ ಕಟ್ಟಿಯೇಬಿಟ್ಟ ಹಾಡಾಗಿ ನಾನದನ್ನು ಕೇಳುತ್ತೇನೆ.

2011ರ ಸೆಪ್ಟೆಂಬರಿನಲ್ಲಿ ಬ್ಯಾಂಡು ಮುಚ್ಚಿತು. ಆ ಹದಿನಾಲ್ಕು ವರ್ಷಗಳಲ್ಲಿ ಒಳ್ಳೊಳ್ಳೆಯ ಡ್ರಮ್ಮರುಗಳು ಅವರ ಜೊತೆ ನುಡಿಸಿದರು, ಆದರೆ ನಾಲ್ಕನೆಯ ಸದಸ್ಯನೆಂದು ಯಾರನ್ನೂ ಸೇರಿಸಿಕೊಳ್ಳಲಿಲ್ಲ. 2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಮಾರಂಭವೊಂದರಲ್ಲಿ ನಾಲ್ವರೂ ಸೇರಿ 'ಲೂಸಿಂಗ್ ಮೈ ರಿಲಿಜನ್' ನುಡಿಸಿದರು. ಆ ವಿಡಿಯೋ ನೋಡಿ ಗದ್ಗದರಾದವರು ಬಹಳ ಮಂದಿ. ನನಗೆ ಅದಕ್ಕಿಂತ ಹೆಚ್ಚು ಬೇಕಾಗಿರುವುದು ಹೇಗೆ ನುಡಿಸಬೇಕೆಂದೇ ತಿಳಿಯದೆ ಮೂವರು ಕೂತಿದ್ದ 1998ರ ಆ ಕೋಣೆ. ನಮ್ಮ ಕೋಣೆಗೆ ಕಳೆದ ತಿಂಗಳು ಹೊಸ ವಿದ್ಯಾರ್ಥಿನಿಯೊಬ್ಬಳು ಬಂದಳು. ಕುರ್ಚಿಯ ಮೇಲಿನ ಜೆರಾಕ್ಸ್ ಕಟ್ಟುಗಳನ್ನು ಎತ್ತಿಟ್ಟು ಜಾಗ ಮಾಡಿಕೊಟ್ಟೆವು. ಅಡಿಯಲ್ಲಿ ಅವನ ಅಕ್ಷರದ ಟಿಪ್ಪಣಿಗಳು ಸಿಕ್ಕವು. ಅವನ್ನು ಕಳಿಸಲೇ ಎಂದು ಕೇಳಬೇಕು. ಸಂಜೆ, ಅವನು ಎದ್ದ ಮೇಲೆ.