‘ವಿಕಿರಣ’ ಶಬ್ದದ ಅರ್ಥವಿಚಾರ

ಕವಿರಾಜಮಾರ್ಗವು ಕನ್ನಡದ ತಿರುಳೆಂದು ನಿರ್ದೇಶಿಸುವ ಪ್ರದೇಶವನ್ನು ಗುರುತಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣವೂ ಒಂದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಈಗ ಕುಷ್ಟಗಿ ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳೂ ಅವುಗಳ ವಿದ್ಯುತ್ತನ್ನು ಒಯ್ಯುವ ತಂತಿಗಳೂ, ಗಂಗಾವತಿಯ ಕಡೆಯಲ್ಲಿ ಮೊಬೈಲ್ ಗೋಪುರಗಳೂ ನಿಂತಿರುವುವು. ಇವುಗಳ ಸುತ್ತಣ ದುರ್ಬಲ ವಿದ್ಯುತ್ಕಾಂತಕ್ಷೇತ್ರವು ಜೀವಕೋಶಗಳಿಗೆ ಕೇಡನ್ನುಂಟುಮಾಡುವುದೇ ಎಂಬ ಪ್ರಶ್ನೆಗೆ ಉತ್ತರ ಹೇಳಹೊರಟ ಕನ್ನಡ ಬರಹಗಳು ಎರಡು ಶಬ್ದಗಳಲ್ಲಿ ಎಡವುವುದುಂಟು.

ಮೊದಲನೆಯದು ‘ವಿಕಿರಣ’. ‘ಕೄ’ ಧಾತುವಿಗೆ ‘ವಿ’ ಉಪಸರ್ಗವು ಸೇರಿ ಸಿದ್ಧವಾದ ಈ ಶಬ್ದವು ಚೆಲ್ಲುವಿಕೆಯನ್ನು ಮಾತ್ರ ಹೇಳುತ್ತದೆ. ಚೆಲ್ಲಿದುದು ಏನು ಮಾಡೀತೆಂಬುದನ್ನು ಹೇಳದು. ಕೈಗಾ ಅಣುಸ್ಥಾವರದೊಳಗಣ ಕಿರಣಕ್ಕೂ ಗೋಪುರದ ಅಲೆಗೂ ಅದೇ ಹೆಸರು. ಅಣುಕಿರಣವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವದ್ರವ್ಯದ ಬಂಧಗಳನ್ನು ಕಡಿಯಬಲ್ಲುದು. ಮೊಬೈಲ್ ಅಲೆಯ ಒಂದು ಶಕ್ತಿಕಣದ ಬಲವಾದರೋ ಆ ಕಾರ್ಯಕ್ಕೆ ಬೇಕಾದುದರ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಪ್ರಬಲವಾದಾಗ ಅದು ಅಂಗಾಂಶವನ್ನು ಬಿಸಿಮಾಡುವುದು ನಿಶ್ಚಿತ. ಈ ಭೇದವನ್ನು ಮರೆಸುವ ಶಬ್ದವು ಅಸ್ಥಾನದಲ್ಲಿ ಭಯವನ್ನು ಬಿತ್ತುತ್ತದೆ. ಆ ಭಯವು ಹುಸಿಯೆಂದರಿತವನು ಅಣುಕಿರಣವನ್ನೂ ಲಘುವಾಗಿ ಎಣಿಸಿಯಾನು.

ಹಾಗಾದರೆ ಗೋಪುರದ ಅಲೆಯನ್ನು ‘ತಾಪಕ’ವೆನ್ನಬಹುದೇ? ಅದೂ ಯುಕ್ತವಲ್ಲ. ತಾಪವಲ್ಲದ ಬೇರೆ ಪರಿಣಾಮವೇ ಇಲ್ಲವೆಂದು ಹೆಸರೇ ತೀರ್ಪು ಕೊಟ್ಟಂತಾಗುವುದು. ಮೊಬೈಲ್ ಅಲೆಗಿಂತ ಬಹಳ ಕಡಮೆ ಆವರ್ತನದ, ಅತ್ಯಂತ ದುರ್ಬಲವಾದ ರೇಡಿಯೋ ಗದ್ದಲದಿಂದ ಯೂರೋಪಿನ ರಾಬಿನ್ ಹಕ್ಕಿಯ ಕಾಂತೀಯ ದಿಗ್ಜ್ಞಾನವು ಕೆಡುವುದನ್ನು ಜರ್ಮನಿಯ ಓಲ್ಡೆನ್‌ಬುರ್ಗ್ ನಗರದ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಅದು ರೋಗವಲ್ಲ, ಪರಿಣಾಮವಂತೂ ಅಹುದು. ಆದಕಾರಣ ‘ಬಂಧಭೇದಕ’, ‘ಅಭೇದಕ’ ಎಂಬ ವಿಶೇಷಣಗಳೇ ಲೇಸು.

ಎರಡನೆಯದು ‘ಸಾಧ್ಯತೆ’. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2002ರಲ್ಲಿ ವಿದ್ಯುತ್ತಂತಿಗಳಂಥವುಗಳ ಕಾಂತಕ್ಷೇತ್ರವನ್ನೂ 2011ರಲ್ಲಿ ರೇಡಿಯೋ ಅಲೆಗಳನ್ನೂ 2ಬಿ ವರ್ಗದಲ್ಲಿರಿಸಿತು. 2ಎ ವರ್ಗಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕು. ಎರಡನ್ನೂ ‘ಸಾಧ್ಯತೆ’ಯೆಂದೇ ಬರೆದರೆ ಈ ತಾರತಮ್ಯವು ಅಳಿದುಹೋಗುವುದು. ನ್ಯಾಯಶಾಸ್ತ್ರದ ಪರಿಭಾಷೆಯನ್ನು ಜೀರ್ಣಿಸಿಕೊಂಡ ಭಾಷೆಗೆ ಇಂಥ ದಾರಿದ್ರ್ಯವೇಕೆ? 2ಎ ‘ಸಂಭಾವನೆ’ಯಾದರೆ 2ಬಿ ‘ಸಂಶಯ’. ಕಾಂತಕ್ಷೇತ್ರದ ವಿಷಯದಲ್ಲಿ ಸಂಶಯಕ್ಕೆ ಆಧಾರವು ಮಕ್ಕಳ ರಕ್ತಕ್ಯಾನ್ಸರಿನೊಡನೆ ಕಂಡ ಸಂಬಂಧ. ಅದು ಕಾರ್ಯಕಾರಣಭಾವವೆಂದು ಸಿದ್ಧವಾಗಿಲ್ಲ. ರೇಡಿಯೋ ಅಲೆಗಳ ವಿಷಯದಲ್ಲಿ ಆಧಾರವು ಮುಖ್ಯವಾಗಿ ಕಿವಿಗೊತ್ತಿಕೊಂಡ ದೂರವಾಣಿಯೇ ಹೊರತು ದೂರದ ಗೋಪುರವಲ್ಲ. ಭಾರತ ಸರಕಾರವು 2012ರ ಸೆಪ್ಟೆಂಬರಿನಿಂದ ಗೋಪುರಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲನ್ನು ವಿಧಿಸಿತು. ಸಂಶಯವಿದ್ದಲ್ಲಿ ಇಂಥ ಎಚ್ಚರಿಕೆ ಉಚಿತವೇ. ಸಂಶಯವನ್ನು ನಿರ್ಣಯವೆಂದು ಬರೆಯುವುದು ಮಾತ್ರ ಅನುಚಿತ.

ಹೊಲದ ಮೇಲೆ ತಂತಿ ಹಾಯುವಾಗ ಗ್ರಾಮಸಭೆಯಲ್ಲಿ ಎದ್ದು ಕೇಳತಕ್ಕವನು ಯಲಬುರ್ಗೆಯ ರೈತ. ಅವನಿಗೆ ದೊರೆಯುವ ಶಬ್ದಗಳು ಪಾಠಪುಸ್ತಕದವು, ಪತ್ರಿಕೆಯವು. ಅವು ಮಸುಕಾಗಿದ್ದರೆ ಅವನ ಪ್ರಶ್ನೆಯೂ ಮಸುಕಾಗುವುದು. ಅಧಿಕಾರಿಯ ಉತ್ತರವೂ ಅಷ್ಟಕ್ಕೇ ನಿಲ್ಲುವುದು. ಆದುದರಿಂದ ಈ ಪರಿಭಾಷೆಯನ್ನು ತಿದ್ದುವ ಹೊಣೆಯು ವಿಜ್ಞಾನಿಗಳದಷ್ಟೇ ಅಲ್ಲ, ಭಾಷೋಪಾಧ್ಯಾಯರದೂ ಆಗಿದೆ.